ಕ್ಲೈಂಟ್-ಸರ್ವರ್ ಸಂವಹನ ವಿಧಾನಗಳು

ಕ್ಲೈಂಟ್-ಸರ್ವರ್ ಸಂವಹನ ವಿಧಾನಗಳು ಎಂದರೆ ವೆಬ್ ಅಪ್ಲಿಕೇಶನ್ ಒಂದರಲ್ಲಿ ಬಳಕೆದಾರರ ಮುಂದಿರುವ ಗಣಕ ಅಥವಾ ಮೊಬೈಲ್ ಮತ್ತು ದೂರದಲ್ಲಿರುವ ಸರ್ವರ್ ಪರಸ್ಪರ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವ ಬಗೆಗಳು. ಮಾಹಿತಿಯನ್ನು ಕೇಳುವ ಕಡೆಯನ್ನು ಕ್ಲೈಂಟ್ ಎಂದೂ ಅದನ್ನು ಒದಗಿಸುವ ಕಡೆಯನ್ನು ಸರ್ವರ್ ಎಂದೂ ಕರೆಯಲಾಗುತ್ತದೆ. ಕೋರಿಕೆ-ಉತ್ತರ, ಪೋಲಿಂಗ್, ದೀರ್ಘ ಪೋಲಿಂಗ್, ಸರ್ವರ್-ಸೆಂಟ್ ಈವೆಂಟ್ಸ್ ಮತ್ತು ವೆಬ್‌ಸಾಕೆಟ್ ಇವುಗಳಲ್ಲಿ ಮುಖ್ಯವಾದವು. ಯಾವ ವಿಧಾನವನ್ನು ಆರಿಸಿಕೊಳ್ಳಬೇಕೆಂಬುದು ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ: ಮೊದಲು ಮಾತನಾಡಬೇಕಾದವರು ಯಾರು, ಮಾಹಿತಿ ಎಷ್ಟು ಬೇಗ ಬದಲಾಗುತ್ತದೆ, ಸಂಪರ್ಕ ನಡುವೆ ಕಡಿದರೆ ಆಗುವ ನಷ್ಟವೇನು. ಕರ್ನಾಟಕದಲ್ಲಿ ಪಹಣಿ, ದಸ್ತಾವೇಜು ನೋಂದಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲಾದ ಸೇವೆಗಳು ಗಣಕೀಕೃತವಾಗಿರುವುದರಿಂದ ಈ ಆಯ್ಕೆಯ ಪರಿಣಾಮ ತಂತ್ರಜ್ಞರಿಗಷ್ಟೇ ಸೀಮಿತವಾಗದೆ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತವರಿಗೂ ತಟ್ಟುತ್ತದೆ.

## ಹಿನ್ನೆಲೆ

ವಿಶ್ವವ್ಯಾಪಿ ಜಾಲದ ಮೂಲ ಸಂವಹನ ನಿಯಮಾವಳಿ ಎಚ್‌ಟಿಟಿಪಿ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಇದನ್ನು ರೂಪಿಸಿದರು. 1991ರ ಮೊದಲ ರೂಪ ಅತ್ಯಂತ ಸರಳವಾಗಿತ್ತು: ಕ್ಲೈಂಟ್ ಒಂದು ಸಾಲಿನ ಕೋರಿಕೆ ಕಳುಹಿಸುತ್ತದೆ, ಸರ್ವರ್ ಪುಟವನ್ನು ಕೊಟ್ಟು ಸಂಪರ್ಕವನ್ನು ಮುಗಿಸುತ್ತದೆ. 1996ರಲ್ಲಿ ಎಚ್‌ಟಿಟಿಪಿ 1.0 ಮತ್ತು 1997ರಲ್ಲಿ ಎಚ್‌ಟಿಟಿಪಿ 1.1 ದಾಖಲೆಗಳು ಪ್ರಕಟವಾದವು. 1.1ರಲ್ಲಿ ಒಂದೇ ಸಂಪರ್ಕವನ್ನು ಹಲವು ಕೋರಿಕೆಗಳಿಗೆ ಬಳಸುವುದು ಸಾಮಾನ್ಯ ಪದ್ಧತಿಯಾಯಿತು. 2015ರ ಎಚ್‌ಟಿಟಿಪಿ 2 ಒಂದೇ ಸಂಪರ್ಕದಲ್ಲಿ ಹಲವು ಕೋರಿಕೆಗಳು ಏಕಕಾಲದಲ್ಲಿ ಸಾಗುವಂತೆ ಮಾಡಿತು. 2022ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 3 ಟಿಸಿಪಿಯ ಬದಲು ಕ್ವಿಕ್ ಎಂಬ ಸಾಗಣೆ ನಿಯಮಾವಳಿಯನ್ನು ಬಳಸುತ್ತದೆ. ಸಂಪರ್ಕ ಆಗಾಗ ಸಡಿಲಗೊಳ್ಳುವ ಮೊಬೈಲ್ ಜಾಲಗಳಲ್ಲಿ ಇದರಿಂದ ಅನುಕೂಲ ಹೆಚ್ಚು.

ಈ ಎಲ್ಲ ರೂಪಗಳಲ್ಲೂ ಒಂದು ತತ್ತ್ವ ಬದಲಾಗಿಲ್ಲ: ಕೇಳಿದರೆ ಮಾತ್ರ ಸರ್ವರ್ ಉತ್ತರಿಸುತ್ತದೆ, ತಾನಾಗಿ ಮಾತು ಆರಂಭಿಸುವುದಿಲ್ಲ. ಜತೆಗೆ ಎಚ್‌ಟಿಟಿಪಿ ಹಿಂದಿನ ಕೋರಿಕೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಕೋರಿಕೆಯೂ ತನಗೆ ಬೇಕಾದ ಗುರುತನ್ನು ತಾನೇ ಹೊತ್ತು ತರಬೇಕು. ಕಚೇರಿಯ ಕಿಟಕಿಗೆ ಪ್ರತಿ ಸಲ ಹೋದಾಗಲೂ ಸರ್ವೆ ನಂಬರನ್ನು ಹೊಸದಾಗಿ ಹೇಳಬೇಕಾದ ಸ್ಥಿತಿಗೆ ಇದನ್ನು ಹೋಲಿಸಬಹುದು. ಈ ಮಿತಿಯೇ ಸರ್ವರುಗಳನ್ನು ಸರಳವಾಗಿಯೂ ಸುಲಭವಾಗಿ ವಿಸ್ತರಿಸಬಹುದಾದಂತೆಯೂ ಇರಿಸಿದೆ. ಏಕೆಂದರೆ ಯಾವ ಸರ್ವರ್ ಬೇಕಾದರೂ ಯಾವ ಕೋರಿಕೆಗಾದರೂ ಉತ್ತರ ಕೊಡಬಹುದು.

ಆರಂಭದ ದಿನಗಳಲ್ಲಿ ಒಂದು ಸಣ್ಣ ಬದಲಾವಣೆಗೂ ಇಡೀ ಪುಟವನ್ನು ಮತ್ತೆ ತರಿಸಬೇಕಾಗುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬ್ರೌಸರಿನೊಂದಿಗೆ ಬಂದ ಸೌಲಭ್ಯವೊಂದು, ಪುಟವನ್ನು ಹಾಗೆಯೇ ಇಟ್ಟುಕೊಂಡು ಬೇಕಾದ ಭಾಗದ ದತ್ತಾಂಶವನ್ನಷ್ಟೇ ತರಿಸಲು ಅನುವು ಮಾಡಿಕೊಟ್ಟಿತು. ಈ ತಂತ್ರಕ್ಕೆ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು ಅಜಾಕ್ಸ್ ಎಂಬ ಹೆಸರನ್ನು ಕೊಟ್ಟರು. ಜಿಲ್ಲೆಯನ್ನು ಆರಿಸಿದೊಡನೆ ತಾಲ್ಲೂಕುಗಳ ಪಟ್ಟಿ, ತಾಲ್ಲೂಕನ್ನು ಆರಿಸಿದೊಡನೆ ಹೋಬಳಿಗಳ ಪಟ್ಟಿ ತಾನಾಗಿ ತೆರೆದುಕೊಳ್ಳುವುದು ಈ ತಂತ್ರದ ಪರಿಚಿತ ಬಳಕೆಯಾಗಿದೆ.

## ಪ್ರಮುಖ ವಿಧಾನಗಳು

### ಕೋರಿಕೆ-ಉತ್ತರ

ಇದು ಎಲ್ಲಕ್ಕಿಂತ ಹಳೆಯದು ಮತ್ತು ಹೆಚ್ಚು ಬಳಕೆಯಲ್ಲಿರುವುದು. ಕ್ಲೈಂಟ್ ಕೇಳುತ್ತದೆ, ಸರ್ವರ್ ಉತ್ತರಿಸುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ರೈತರೊಬ್ಬರಿಗೆ ತಮ್ಮ ಜಮೀನಿನ ಪಹಣಿ ಬೇಕಾದರೆ ಒಂದು ಕೋರಿಕೆ ಮತ್ತು ಒಂದು ಉತ್ತರ ಸಾಕು. ಅಂಥ ಕಡೆ ಸಂಪರ್ಕವನ್ನು ಸದಾ ತೆರೆದಿಡುವುದರಿಂದ ಪ್ರಯೋಜನವಿಲ್ಲ.

ಇಂಥ ಕೋರಿಕೆಗಳನ್ನು ಶಿಸ್ತಿನಿಂದ ರೂಪಿಸುವ ವಾಸ್ತುಶೈಲಿಯನ್ನು ರೆಸ್ಟ್ ಎನ್ನುತ್ತಾರೆ. ರಾಯ್ ಫೀಲ್ಡಿಂಗ್ ಅವರು 2000ದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ವಿಭಾಗಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ವಿಳಾಸವಿರುತ್ತದೆ. ಆ ವಿಳಾಸದ ಮೇಲೆ ಓದುವುದು, ಸೇರಿಸುವುದು, ಬದಲಿಸುವುದು, ಅಳಿಸುವುದು ಎಂಬ ನಿಗದಿತ ಕ್ರಿಯೆಗಳನ್ನು ನಡೆಸಬಹುದು. ಫೇಸ್‌ಬುಕ್ ಸಂಸ್ಥೆ 2012ರಲ್ಲಿ ತನ್ನೊಳಗೆ ರೂಪಿಸಿ 2015ರಲ್ಲಿ ಸಾರ್ವಜನಿಕಗೊಳಿಸಿದ ಗ್ರಾಫ್‌ಕ್ಯೂಎಲ್‌ನಲ್ಲಿ ತನಗೆ ಬೇಕಾದ ವಿವರಗಳು ಯಾವುವೆಂಬುದನ್ನು ಕ್ಲೈಂಟೇ ಸೂಚಿಸುತ್ತದೆ. ಗೂಗಲ್ 2015ರಲ್ಲಿ ಹೊರತಂದ ಜಿಆರ್‌ಪಿಸಿ ಹೆಚ್ಚಾಗಿ ಸರ್ವರ್ ಮತ್ತು ಸರ್ವರುಗಳ ನಡುವೆ ಬಳಕೆಯಾಗುತ್ತದೆ. ಬ್ರೌಸರಿನಿಂದ ಅದನ್ನು ನೇರವಾಗಿ ಬಳಸಲಾಗದು, ನಡುವೆ ಮಧ್ಯವರ್ತಿ ತಂತ್ರಾಂಶ ಬೇಕಾಗುತ್ತದೆ.

### ಪೋಲಿಂಗ್

ಹೊಸ ಮಾಹಿತಿ ಬಂದಿದೆಯೇ ಎಂದು ಕ್ಲೈಂಟ್ ನಿಗದಿತ ಅವಧಿಗೊಮ್ಮೆ ಕೇಳುತ್ತಿರುವುದೇ ಪೋಲಿಂಗ್. ರಚಿಸುವುದು ಸುಲಭ, ವೆಚ್ಚ ಮಾತ್ರ ಹೆಚ್ಚು. 500 ಮಂದಿ ಒಂದೇ ಪುಟವನ್ನು ತೆರೆದಿಟ್ಟುಕೊಂಡಿದ್ದು, ಪ್ರತಿಯೊಂದು ಪುಟವೂ 5 ಸೆಕೆಂಡಿಗೊಮ್ಮೆ ಕೇಳುತ್ತಿದ್ದರೆ ಸರ್ವರಿಗೆ ಸೆಕೆಂಡಿಗೆ 100, ಗಂಟೆಗೆ 3,60,000 ಕೋರಿಕೆಗಳು ಬರುತ್ತವೆ. ಮಾಹಿತಿ ದಿನಕ್ಕೊಮ್ಮೆ ಮಾತ್ರ ಬದಲಾಗುವುದಾದರೆ ಅವುಗಳಲ್ಲಿ ಬಹುಪಾಲಿಗೆ ‘ಹೊಸದೇನೂ ಇಲ್ಲ’ ಎಂಬುದೇ ಉತ್ತರ. ಅವಧಿಯನ್ನು 5 ಸೆಕೆಂಡಿನಿಂದ 1 ನಿಮಿಷಕ್ಕೆ ಏರಿಸಿದರೆ ಹೊರೆ ಹನ್ನೆರಡರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ನಿಮಿಷದ ವಿಳಂಬವನ್ನು ಸಹಿಸಬಹುದಾದ ಕಡೆ ಈ ಸರಳ ವಿಧಾನವೇ ಸಾಕಾಗುತ್ತದೆ.

### ದೀರ್ಘ ಪೋಲಿಂಗ್

ಇಲ್ಲಿ ಸರ್ವರ್ ಕೋರಿಕೆಗೆ ಒಡನೆಯೇ ಉತ್ತರಿಸುವುದಿಲ್ಲ. ಹೊಸ ಮಾಹಿತಿ ಬರುವವರೆಗೆ ಅಥವಾ ನಿಗದಿತ ಕಾಲ ಕಳೆಯುವವರೆಗೆ ಕೋರಿಕೆಯನ್ನು ತಡೆದಿಟ್ಟುಕೊಳ್ಳುತ್ತದೆ. ಉತ್ತರ ಬಂದ ಕೂಡಲೇ ಕ್ಲೈಂಟ್ ಮತ್ತೊಂದು ಕೋರಿಕೆ ಸಲ್ಲಿಸುತ್ತದೆ. ವೆಬ್‌ಸಾಕೆಟ್ ಬರುವ ಮುನ್ನ ಹರಟೆ ಮತ್ತು ಸಂದೇಶ ಸೇವೆಗಳಲ್ಲಿ ಈ ವಿಧಾನ ವ್ಯಾಪಕವಾಗಿತ್ತು. ಅಲೆಕ್ಸ್ ರಸೆಲ್ ಅವರು 2006ರಲ್ಲಿ ಈ ಬಗೆಯ ತಂತ್ರಗಳಿಗೆ ಕಾಮೆಟ್ ಎಂಬ ಹೆಸರಿಟ್ಟರು. ಹಳೆಯ ಜಾಲ ಸಲಕರಣೆಗಳ ಮೂಲಕವೂ ಇದು ಸಾಗುತ್ತದೆಂಬುದು ಇದರ ಗುಣ. ಕಾಯುತ್ತಿರುವ ಪ್ರತಿ ಕೋರಿಕೆಯೂ ಸರ್ವರಿನ ಸ್ಥಳವನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದು ದೋಷ.

### ಸರ್ವರ್-ಸೆಂಟ್ ಈವೆಂಟ್ಸ್

ಕ್ಲೈಂಟ್ ಒಮ್ಮೆ ಸಂಪರ್ಕ ತೆರೆದರೆ ಸರ್ವರ್ ಆ ಮೂಲಕ ಸುದ್ದಿಯನ್ನು ಒಂದರ ಹಿಂದೊಂದರಂತೆ ಕಳುಹಿಸುತ್ತಲೇ ಇರುತ್ತದೆ. ಹರಿವು ಏಕಮುಖವಾದುದು, ಆಕಾಶವಾಣಿಯ ಪ್ರಸಾರದಂತೆ. ಸಂಪರ್ಕ ಕಡಿದರೆ ಬ್ರೌಸರ್ ತಾನಾಗಿ ಮತ್ತೆ ಜೋಡಿಸಿಕೊಂಡು, ತಾನು ಕಡೆಯದಾಗಿ ಪಡೆದ ಸುದ್ದಿಯ ಗುರುತನ್ನು ಸರ್ವರಿಗೆ ತಿಳಿಸುತ್ತದೆ. ಸರ್ವರ್ ಆ ಗುರುತನ್ನು ಬಳಸಿಕೊಂಡರೆ ನಡುವೆ ತಪ್ಪಿದ ಸುದ್ದಿಯನ್ನೂ ಒದಗಿಸಬಹುದು. ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಂಥ ಕಡೆಗಳಲ್ಲಿ ಕಾಣುವ ಆಗಮನ-ನಿರ್ಗಮನ ಫಲಕ ಅಥವಾ ಬಸ್ಸು ಈಗೆಲ್ಲಿದೆ ಎಂದು ತೋರಿಸುವ ನಕ್ಷೆಯ ಬಗೆಯ ಮಾಹಿತಿಗೆ ಈ ವಿಧಾನ ಒಗ್ಗುತ್ತದೆ. ನೋಡುವವರು ಅಲ್ಲಿ ತಿರುಗಿ ಏನನ್ನೂ ಹೇಳಬೇಕಾಗಿಲ್ಲ. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರುಗಳು ಒಂದು ತಾಣಕ್ಕೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನಷ್ಟೇ ತೆರೆಯುವುದರಿಂದ, ಹಲವು ಕಿಟಕಿಗಳನ್ನು ತೆರೆದಿಟ್ಟಾಗ ತೊಡಕಾಗಬಹುದು. ಎಚ್‌ಟಿಟಿಪಿ 2ರಲ್ಲಿ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ.

### ವೆಬ್‌ಸಾಕೆಟ್

2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ದಾಖಲೆಯಾಗಿ ಪ್ರಕಟವಾದ ವೆಬ್‌ಸಾಕೆಟ್ ನಿಯಮಾವಳಿ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತನಾಡಬಹುದಾದ ಸಂಪರ್ಕವನ್ನು ಒದಗಿಸುತ್ತದೆ. ಸಾಮಾನ್ಯವಾಗಿ ಮೊದಲಿಗೆ ಎಚ್‌ಟಿಟಿಪಿ ಕೋರಿಕೆಯಾಗಿ ಆರಂಭವಾಗುತ್ತದೆ. ಸರ್ವರ್ 101 ಎಂಬ ಸ್ಥಿತಿಸಂಕೇತದೊಂದಿಗೆ ಒಪ್ಪಿಗೆ ಸೂಚಿಸಿದ ಮೇಲೆ ಅದೇ ಸಂಪರ್ಕ ವೆಬ್‌ಸಾಕೆಟ್ ಆಗಿ ಬದಲಾಗುತ್ತದೆ. ಆ ಬಳಿಕ ಪ್ರತಿ ಸಂದೇಶದ ಜತೆ ಹೋಗುವ ತಲೆಬರಹ 2ರಿಂದ 14 ಬೈಟ್‌ಗಳಷ್ಟೇ.

ಹರಾಜು ಈ ವಿಧಾನಕ್ಕೆ ತಕ್ಕ ಉದಾಹರಣೆ. ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಇ-ಹರಾಜಿನ ಪದ್ಧತಿ ಬಂದಿದೆ. ಹರಾಜಿನಲ್ಲಿ ರೀಲರುಗಳು ಬೆಲೆ ಕೂಗಬೇಕು, ಇತರರು ಕೂಗಿದ ಬೆಲೆ ಒಡನೆಯೇ ಎಲ್ಲರಿಗೂ ಕಾಣಬೇಕು, ಕೆಲವೇ ನಿಮಿಷಗಳಲ್ಲಿ ವ್ಯವಹಾರ ಮುಗಿಯಬೇಕು. ಇಂಥ ಕಡೆ ಐದು ಸೆಕೆಂಡಿನ ವಿಳಂಬವೂ ಗೂಡು ತಂದ ರೈತನ ಬೆಲೆಯನ್ನು ತಗ್ಗಿಸಬಲ್ಲದು. ಆದರೆ ವೆಬ್‌ಸಾಕೆಟ್ ಬಳಸುವವರು ಸಂಪರ್ಕ ಕಡಿದಾಗ ಮರುಜೋಡಣೆ, ತಪ್ಪಿದ ಸಂದೇಶಗಳ ಮರುಪೂರಣ, ತೆರೆದ ಸಾವಿರಾರು ಸಂಪರ್ಕಗಳ ನಿರ್ವಹಣೆ ಇವೆಲ್ಲವನ್ನೂ ತಾವೇ ಬರೆದುಕೊಳ್ಳಬೇಕಾಗುತ್ತದೆ. ಅಗತ್ಯವಿಲ್ಲದ ಕಡೆ ಇದನ್ನು ಬಳಸುವುದು ಅನಗತ್ಯ ತೊಡಕಿಗೆ ದಾರಿಯಾಗುತ್ತದೆ.

## ವಿಧಾನಗಳ ಹೋಲಿಕೆ

| ವಿಧಾನ | ಮಾತು ಆರಂಭಿಸುವವರು | ಸಂಪರ್ಕ | ತಕ್ಕ ಬಳಕೆ |
|---|---|---|---|
| ಕೋರಿಕೆ-ಉತ್ತರ | ಕ್ಲೈಂಟ್ | ಉತ್ತರದೊಂದಿಗೆ ವ್ಯವಹಾರ ಮುಗಿಯುತ್ತದೆ | ಪಹಣಿ, ಅರ್ಜಿ, ಪ್ರಮಾಣಪತ್ರ |
| ಪೋಲಿಂಗ್ | ಕ್ಲೈಂಟ್, ಪದೇ ಪದೇ | ಪ್ರತಿ ಸಲ ಹೊಸ ಕೋರಿಕೆ | ಅರ್ಜಿಯ ಸ್ಥಿತಿ, ಟೋಕನ್ ಸಂಖ್ಯೆ |
| ದೀರ್ಘ ಪೋಲಿಂಗ್ | ಕ್ಲೈಂಟ್ | ಉತ್ತರ ಬರುವವರೆಗೆ ಕಾಯುತ್ತದೆ | ಹಳೆಯ ಜಾಲಗಳಲ್ಲಿ ಸಂದೇಶ ಸೇವೆ |
| ಸರ್ವರ್-ಸೆಂಟ್ ಈವೆಂಟ್ಸ್ | ಸಂಪರ್ಕದ ನಂತರ ಸರ್ವರ್ | ತೆರೆದಿರುತ್ತದೆ, ಏಕಮುಖ | ಸೂಚನಾ ಫಲಕ, ಧಾರಣೆ ಪಟ್ಟಿ |
| ವೆಬ್‌ಸಾಕೆಟ್ | ಇಬ್ಬರೂ | ತೆರೆದಿರುತ್ತದೆ, ದ್ವಿಮುಖ | ಹರಾಜು, ಹರಟೆ, ಆಟ |

## ಆಯ್ಕೆಯ ಮಾನದಂಡಗಳು

ಬದಲಾವಣೆಯ ವೇಗ. ಖಾತೆ ಬದಲಾವಣೆಯಂಥ ಪ್ರಕ್ರಿಯೆಗೆ ದಿನಗಟ್ಟಲೆ ಕಾಲ ಬೇಕು. ಅದರ ಸ್ಥಿತಿಯನ್ನು ತಿಳಿಸಲು ಸದಾ ತೆರೆದ ಸಂಪರ್ಕ ಬೇಕಾಗಿಲ್ಲ. ಕೆಲಸ ಮುಗಿದಾಗ ಒಂದು ಎಸ್‌ಎಂಎಸ್ ಕಳುಹಿಸಿದರೆ ಸಾಕು. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಅದು ತಲುಪುತ್ತದೆ.

ಕೆಲಸದ ಅವಧಿ. ಉತ್ತರ ಸಿದ್ಧಪಡಿಸಲು ಹೆಚ್ಚು ಹೊತ್ತು ಬೇಕಾದಾಗ ಕ್ಲೈಂಟನ್ನು ಕಾಯಿಸಬಾರದು. ಸರ್ವರ್ ಕೋರಿಕೆಯನ್ನು ಸ್ವೀಕರಿಸಿ 202 ಎಂಬ ಸ್ಥಿತಿಸಂಕೇತ ಮತ್ತು ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಕ್ಲೈಂಟ್ ಆ ಸಂಖ್ಯೆಯನ್ನು ಹಿಡಿದು ಬಳಿಕ ವಿಚಾರಿಸುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಅರ್ಜಿಗೆ ಕೊಡುವ ಸ್ವೀಕೃತಿ ಪತ್ರದ ಪದ್ಧತಿಯೇ ಇದು.

ಸಂಪರ್ಕ ಕಡಿದಾಗ ಆಗುವ ನಷ್ಟ. ಶುಲ್ಕ ಪಾವತಿಸುವಾಗ ಕೋರಿಕೆ ಸರ್ವರನ್ನು ತಲುಪಿ, ಉತ್ತರ ಮಾತ್ರ ಹಾದಿಯಲ್ಲೇ ತಪ್ಪಿಹೋಗಬಹುದು. ಹಣ ಸಂದಾಯವಾಯಿತೇ ಇಲ್ಲವೇ ಎಂಬುದು ಬಳಕೆದಾರರಿಗೆ ತಿಳಿಯುವುದಿಲ್ಲ. ಮತ್ತೆ ಗುಂಡಿ ಒತ್ತಿದರೆ ಎರಡು ಬಾರಿ ಕಡಿತವಾಗಬಹುದು. ಒಂದೇ ಕೋರಿಕೆ ಎಷ್ಟು ಬಾರಿ ಬಂದರೂ ಪರಿಣಾಮ ಒಂದೇ ಆಗಿರುವಂತೆ ರೂಪಿಸುವುದು ಇದಕ್ಕೆ ಪರಿಹಾರ. ಪ್ರತಿ ಪಾವತಿಗೂ ಮೊದಲೇ ವಿಶಿಷ್ಟ ಸಂಖ್ಯೆಯೊಂದನ್ನು ನೀಡಿ, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಹಿಂದಿರುಗಿಸಬೇಕು. ಸಂವಹನ ವಿಧಾನ ಯಾವುದೇ ಆಗಿರಲಿ, ಹಣ ಅಥವಾ ಹಕ್ಕು ಬದಲಾಗುವ ಎಲ್ಲ ಕಡೆ ಈ ಎಚ್ಚರಿಕೆ ಅತ್ಯಗತ್ಯ.

ಜಾಲದ ಸ್ಥಿತಿ. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆಯುವವರಿಗೆ ಅಲ್ಲಿಯೇ ಮೊಬೈಲ್ ಸಂಕೇತ ಸಿಗುವ ಭರವಸೆ ಇರುವುದಿಲ್ಲ. ಬೆಳೆ ಸಮೀಕ್ಷೆಯಂಥ ಕಾರ್ಯಗಳ ಆ್ಯಪ್‌ಗಳು ಮಾಹಿತಿಯನ್ನು ಮೊದಲು ಫೋನಿನಲ್ಲೇ ಉಳಿಸಿಕೊಂಡು, ಸಂಕೇತ ದೊರೆತಾಗ ಸರ್ವರಿಗೆ ಕಳುಹಿಸುವಂತಿರಬೇಕು. ಸದಾ ಸಂಪರ್ಕವನ್ನು ಬೇಡುವ ವಿಧಾನ ಇಲ್ಲಿ ಸಲ್ಲದು.

ಸರ್ವರಿನ ಸಾಮರ್ಥ್ಯ. ಬದಲಾಗದ ಮಾಹಿತಿಯನ್ನು ಬ್ರೌಸರಿನಲ್ಲಿ ಸ್ವಲ್ಪ ಕಾಲ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದರೆ ಹೊರೆ ಕಡಿಮೆಯಾಗುತ್ತದೆ. ಹೋಬಳಿ ಮತ್ತು ಗ್ರಾಮಗಳ ಪಟ್ಟಿ ಅಪರೂಪಕ್ಕೆ ಬದಲಾಗುತ್ತದೆ. ಅದನ್ನು ಪ್ರತಿ ಬಾರಿ ದತ್ತಸಂಚಯದಿಂದ ತರಿಸುವುದು ವ್ಯರ್ಥ.

## ಕರ್ನಾಟಕದ ಅನುಭವ

### ಭೂಮಿ

ಗ್ರಾಮೀಣ ಭೂದಾಖಲೆಗಳ ಗಣಕೀಕರಣಕ್ಕಾಗಿ ಕರ್ನಾಟಕದ ಕಂದಾಯ ಇಲಾಖೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ 2000ದ ಆಸುಪಾಸಿನಲ್ಲಿ ಜಾರಿಗೆ ತಂದ ಯೋಜನೆ ಭೂಮಿ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳು ಗಣಕಕ್ಕೆ ಸೇರಿದವು. ಪಹಣಿಯ ಮುದ್ರಿತ ಪ್ರತಿ ಆರಂಭದಲ್ಲಿ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ ದೊರೆಯುತ್ತಿತ್ತು. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ಸಿಬ್ಬಂದಿ ಬೆರಳಚ್ಚು ನೀಡಿ ವ್ಯವಸ್ಥೆಯನ್ನು ಪ್ರವೇಶಿಸಬೇಕಾಗಿತ್ತು.

ಮೊದಲ ಹಂತದಲ್ಲಿ ಪ್ರತಿ ತಾಲ್ಲೂಕಿನಲ್ಲೂ ಅದರದೇ ಸರ್ವರ್ ಮತ್ತು ದತ್ತಸಂಚಯ ಇದ್ದವು. ಕ್ಲೈಂಟ್ ಹಾಗೂ ಸರ್ವರ್ ಒಂದೇ ಕಟ್ಟಡದಲ್ಲಿದ್ದುದರಿಂದ ಅವುಗಳ ನಡುವಿನ ಮಾತುಕತೆಗೆ ದೂರದ ಜಾಲದ ಹಂಗಿರಲಿಲ್ಲ. ಹೊಸಕೋಟೆಯ ಯಂತ್ರ ಕೆಟ್ಟರೆ ನೆಲಮಂಗಲದ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಸೂಲಿಬೆಲೆಯ ರೈತರು ತಮ್ಮ ಪಹಣಿಗಾಗಿ ಹೊಸಕೋಟೆಗೇ ಹೋಗಬೇಕಾಗಿತ್ತು. ನಂತರದ ವರ್ಷಗಳಲ್ಲಿ ದತ್ತಾಂಶವು ರಾಜ್ಯ ಮಟ್ಟದಲ್ಲಿ ಒಂದುಗೂಡಿ, ನಾಡಕಚೇರಿಗಳಲ್ಲಿಯೂ ಅಂತರಜಾಲದಲ್ಲಿಯೂ ಪಹಣಿ ದೊರೆಯುವಂತಾಯಿತು. ದೂರ ತಗ್ಗಿತು, ಅವಲಂಬನೆ ಹೆಚ್ಚಿತು. ಕೇಂದ್ರ ಸರ್ವರಿನಲ್ಲಿಯೋ ಅದನ್ನು ತಲುಪುವ ಜಾಲದಲ್ಲಿಯೋ ಅಡಚಣೆಯಾದರೆ ಅದರ ಪರಿಣಾಮ ಹಲವು ತಾಲ್ಲೂಕುಗಳಿಗೆ ಏಕಕಾಲದಲ್ಲಿ ತಟ್ಟುವಂತಾಯಿತು. ‘ಸರ್ವರ್ ಡೌನ್’ ಎಂಬ ಮಾತು ಕನ್ನಡದ ದಿನಬಳಕೆಯ ನುಡಿಗಟ್ಟಾಗಿ ನೆಲೆಗೊಂಡುದರ ಹಿಂದೆ ಈ ಬಗೆಯ ಬದಲಾವಣೆ ಇದೆ.

### ಕಾವೇರಿ ಮತ್ತು ಸರ್ವರುಗಳ ನಡುವಿನ ಸಂವಹನ

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ತಂತ್ರಾಂಶ ಕಾವೇರಿ. ಇದರ ಎರಡನೆಯ ಆವೃತ್ತಿ 2023ರಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಸಾರ್ವಜನಿಕರೇ ದಸ್ತಾವೇಜಿನ ವಿವರಗಳನ್ನು ಮುಂಚಿತವಾಗಿ ತುಂಬಿ, ಶುಲ್ಕ ಕಟ್ಟಿ, ಉಪನೋಂದಣಾಧಿಕಾರಿ ಕಚೇರಿಗೆ ಬರುವ ಸಮಯವನ್ನು ಕಾಯ್ದಿರಿಸಬಹುದು. ಕೃಷಿ ಜಮೀನಿನ ಕ್ರಯಪತ್ರ ನೋಂದಣಿಯಾದ ಬಳಿಕ ಅದರ ಮಾಹಿತಿ ಕಾವೇರಿಯಿಂದ ಭೂಮಿಗೆ ರವಾನೆಯಾಗಿ ಖಾತೆ ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ. ಭೂಮಾಪನ ಇಲಾಖೆಯ ಮೋಜಿಣಿ ತಂತ್ರಾಂಶವೂ ಭೂಮಿಯೊಂದಿಗೆ ಜೋಡಣೆಗೊಂಡಿದೆ.

ಇಲ್ಲಿ ಒಂದು ಸರ್ವರ್ ಮತ್ತೊಂದಕ್ಕೆ ಕ್ಲೈಂಟ್ ಆಗುತ್ತದೆ. ಕಿಟಕಿಯ ಮುಂದೆ ಕಾಯುವ ಮನುಷ್ಯರಿಲ್ಲದ ಕಾರಣ ವೇಗಕ್ಕಿಂತ ಭರವಸೆ ಮುಖ್ಯ: ಕಳುಹಿಸಿದ ಸಂದೇಶ ಒಮ್ಮೆಯಾದರೂ ತಲುಪಬೇಕು, ಎರಡು ಬಾರಿ ತಲುಪಿದರೂ ಎರಡು ಖಾತೆ ಬದಲಾವಣೆಗಳು ದಾಖಲಾಗಬಾರದು. ಇದಕ್ಕಾಗಿ ಸಂದೇಶಗಳನ್ನು ಸರದಿಯಲ್ಲಿ ಇಟ್ಟು, ಸ್ವೀಕೃತಿ ಬರುವವರೆಗೆ ಕಾಪಾಡುವ ಪದ್ಧತಿಯನ್ನು ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಶಿಫಾರಸು ಮಾಡಲಾಗುತ್ತದೆ.

2025ರ ಜನವರಿಯಲ್ಲಿ ಕಾವೇರಿ 2.0 ಜಾಲತಾಣದ ಮೇಲೆ ಸೇವಾನಿರಾಕರಣ ದಾಳಿ ನಡೆದು, ರಾಜ್ಯದಲ್ಲಿ ನೋಂದಣಿ ಕಾರ್ಯ ಅಸ್ತವ್ಯಸ್ತಗೊಂಡಿತು. ಇಂಥ ದಾಳಿಯಲ್ಲಿ ಸುಳ್ಳು ಕೋರಿಕೆಗಳ ಪ್ರವಾಹವೇ ಹರಿದು, ನಿಜವಾದ ಕೋರಿಕೆಗಳಿಗೆ ಸರ್ವರಿನಲ್ಲಿ ಸ್ಥಳವಿಲ್ಲದಂತಾಗುತ್ತದೆ. ಹೆಚ್ಚು ಶೋಧನೆ ಬೇಡುವ ಕೋರಿಕೆಗಳಿಗೆ ಮಿತಿ ಹೇರುವುದು, ಮಿತಿ ಮೀರಿದವರಿಗೆ 429 ಎಂಬ ಸ್ಥಿತಿಸಂಕೇತವನ್ನು ಹಿಂದಿರುಗಿಸುವುದು, ಭಾರವಾದ ಕೆಲಸಗಳನ್ನು ಸರದಿಗೆ ಹಾಕುವುದು ಸಾಮಾನ್ಯ ರಕ್ಷಣಾ ಕ್ರಮಗಳಾಗಿವೆ.

## ಕನ್ನಡ ಪಠ್ಯದ ವಿನಿಮಯ

ವಿನಿಮಯವಾಗುವ ದತ್ತಾಂಶಕ್ಕೆ ಇಂದು ಹೆಚ್ಚಾಗಿ ಜೇಸನ್ ಎಂಬ ಪಠ್ಯರೂಪ ಬಳಕೆಯಲ್ಲಿದೆ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಇದು ಯುಟಿಎಫ್-8 ಸಂಕೇತೀಕರಣದಲ್ಲಿ ಇರಬೇಕೆಂಬುದು ನಿಯಮ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟ್ ಬೇಕು. ದೊಡ್ಡಬಳ್ಳಾಪುರ ಎಂಬ ಹೆಸರಿನಲ್ಲಿ 13 ಸಂಕೇತಬಿಂದುಗಳಿರುವುದರಿಂದ 39 ಬೈಟ್ ತಗಲುತ್ತದೆ. ರೋಮನ್ ಲಿಪಿಯಲ್ಲಿ ಅದೇ ಹೆಸರಿನ ಪ್ರತಿ ಅಕ್ಷರಕ್ಕೆ 1 ಬೈಟ್ ಸಾಕು. ರವಾನೆಗೆ ಮುನ್ನ ಪಠ್ಯವನ್ನು ಸಂಕುಚಿಸಿದರೆ ಈ ವ್ಯತ್ಯಾಸ ಬಹಳಷ್ಟು ತಗ್ಗುತ್ತದೆ. ಆದ್ದರಿಂದ ಗಾತ್ರದ ನೆಪದಲ್ಲಿ ಕನ್ನಡವನ್ನು ಕೈಬಿಡಬೇಕಾದ ತಾಂತ್ರಿಕ ಕಾರಣವಿಲ್ಲ.

ಯೂನಿಕೋಡ್ ವ್ಯಾಪಕವಾಗುವ ಮುನ್ನ ಸಿದ್ಧವಾದ ದಾಖಲೆಗಳು ನುಡಿಯಂಥ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿದ್ದವು. ಓದುವ ಗಣಕದಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಂಥ ಪಠ್ಯ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಎರಡು ಸರ್ವರುಗಳ ನಡುವೆ ಖಾತೆದಾರರ ಹೆಸರು ಸಾಗುವಾಗ ಈ ಪರಿವರ್ತನೆ ಸರಿಯಾಗದಿದ್ದರೆ ಹೆಸರಿನ ಕಾಗುಣಿತವೇ ಬದಲಾಗಬಹುದು. ಭೂದಾಖಲೆಯಲ್ಲಿ ಒತ್ತಕ್ಷರವೊಂದು ತಪ್ಪಿದರೂ ಅದನ್ನು ತಿದ್ದಿಸಲು ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ.

## ಸುರಕ್ಷತೆ

ಯಾವ ವಿಧಾನವನ್ನು ಆರಿಸಿದರೂ ಸಂವಹನ ಗೂಢಲಿಪೀಕರಣಗೊಂಡಿರಬೇಕು. ಎಚ್‌ಟಿಟಿಪಿಗೆ ಎಚ್‌ಟಿಟಿಪಿಎಸ್ ಇರುವಂತೆಯೇ ವೆಬ್‌ಸಾಕೆಟ್‌ಗೂ ಸುರಕ್ಷಿತ ರೂಪವಿದೆ. ಎರಡೂ ಸಾಮಾನ್ಯವಾಗಿ 443ನೇ ಪೋರ್ಟನ್ನು ಬಳಸುತ್ತವೆ. ಕೋರಿಕೆ-ಉತ್ತರದಲ್ಲಿ ಪ್ರತಿ ಕೋರಿಕೆಯ ಜತೆಗೂ ಬಳಕೆದಾರರ ಗುರುತನ್ನು ಪರಿಶೀಲಿಸಬಹುದು. ತೆರೆದೇ ಇರುವ ಸಂಪರ್ಕದಲ್ಲಿ ಪರಿಶೀಲನೆ ಆರಂಭದಲ್ಲಿ ಮಾತ್ರ ನಡೆದು, ಬಳಿಕ ಅಧಿಕಾರ ರದ್ದಾದವರೂ ಒಳಗೇ ಉಳಿಯುವ ಅಪಾಯವಿದೆ. ಸರ್ವರ್ ಚೇತರಿಸಿಕೊಂಡ ಕ್ಷಣದಲ್ಲಿ ಎಲ್ಲ ಕ್ಲೈಂಟ್‌ಗಳೂ ಒಮ್ಮೆಲೇ ಮರುಸಂಪರ್ಕಕ್ಕೆ ಮುಗಿಬಿದ್ದರೆ ಅದು ಮತ್ತೆ ಕುಸಿಯಬಹುದು. ಆದ್ದರಿಂದ ಪ್ರತಿ ವಿಫಲ ಯತ್ನದ ಬಳಿಕ ಕಾಯುವ ಅವಧಿಯನ್ನು ದ್ವಿಗುಣಗೊಳಿಸುತ್ತ, ಅದರಲ್ಲಿ ತುಸು ಏರುಪೇರನ್ನೂ ಬೆರೆಸುವುದು ರೂಢಿಯಾಗಿದೆ.

## ಇವನ್ನೂ ನೋಡಿ

* ವಿಶ್ವವ್ಯಾಪಿ ಜಾಲ
* ಭೂಮಿ ಯೋಜನೆ
* ಯೂನಿಕೋಡ್
* ಬೆಂಗಳೂರು ಗ್ರಾಮಾಂತರ ಜಿಲ್ಲೆ